ಎಕ್ಸ್ ಅಂದ್ರೆ ಯಾರು, ಸಾರ್?

ಶಿಕಾರಿಪುರ
೨೦ ಜುಲೈ ೨೦೨೪

ಜ್ಯೋತಿಗೆ,

ಫೋನಿದ್ದೂ ಅಪ್ಪಾಜಿ ಕಾಗದ ಯಾಕೆ ಬರೆದರು ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಆರಾಮ. ನಿಮ್ಮ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ನಡುಮನೆಯ ಟೀಪಾಯಿ ಮೇಲೆ ಇಡುವ ಪದ್ಧತಿ. ನಿನ್ನ ಅತ್ತೆ, ಅಳಿಯಂದಿರು, ಅವರ ಅಂಗಡಿಗೆ ಸಿಮೆಂಟಿನ ರೇಟು ಕೇಳಲು ಬಂದವರು, ಎಲ್ಲರೂ ಸೇರಿ ನನ್ನ ಕೆಮ್ಮಿನ ಸಮಾಚಾರ ಕೇಳುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ನಿನ್ನ ಮಗಳು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಈ ವಿಷಯ ಬೀಗರ ಕಿವಿಗೆ ಬೀಳಕೂಡದು. ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ ಹಾಕಿದ್ದೇನೆ.

ಮೇ ತಿಂಗಳಲ್ಲಿ ಮಹಾಂತೇಶ ಮನೆಗೆ ಬಂದಿದ್ದ. ನನ್ನ ಹಳೆಯ ಶಿಷ್ಯ, ಈಗ ಇಲ್ಲಿಯ ಒಂದು ಹೈಸ್ಕೂಲಿನ ಸೆಕ್ರೆಟರಿ. ರಿಟೈರ್ ಆಗಿ ಸುಮ್ಮನೆ ಕೂತಿದ್ದೀರಲ್ಲ, ಒಂಬತ್ತನೇ ಕ್ಲಾಸಿಗೆ ಲೆಕ್ಕ ತಗೊಳ್ಳಿ ಎಂದ. ಸಂತೋಷವಾಯಿತು, ಒಪ್ಪಿಕೊಂಡೆ. ಹೊಸ್ತಿಲು ದಾಟುವಾಗ ತಿರುಗಿ, ವಾರಕ್ಕೆ ಒಂದು ಪೀರಿಯಡ್ ಕೋಡಿಂಗೂ ಇಟ್ಟಿದ್ದೇವೆ, ಪೇರೆಂಟ್ಸ್ ಕೇಳ್ತಾರೆ, ಅದೂ ನಿಮಗೆ ಬರ್ತದಲ್ರೀ ಎಂದ. ಬರುವುದಿಲ್ಲ ಎನ್ನುವ ಮಾತು ನನ್ನ ಬಾಯಿಗೆ ರೂಢಿಯಿಲ್ಲ. ಲೆಕ್ಕ ಬಂದವನಿಗೆ ಅದೇನು ಮಹಾ ಎಂದುಬಿಟ್ಟೆ.

ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುತ್ತಿದ್ದೇನೆ. ಪೈಥಾನ್ ಎಂದು ಅದರ ಹೆಸರು, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನಿನಗೆ ಗೊತ್ತಿದ್ದದ್ದೇ. ವೇರಿಯಬಲ್ ತಿಳಿಯಿತು, ಲೂಪ್ ತಿಳಿಯಿತು. ಫಂಕ್ಷನ್ ಕೂಡ ಪರವಾಗಿಲ್ಲ. ಡೆಫ್ ಎಂದು ಬರೆದು, ಒಂದು ಹೆಸರಿಟ್ಟು, ಅದು ಮಾಡಬೇಕಾದ ಕೆಲಸ ಹೇಳುವುದು, ಬೇಕಾದಾಗ ಹೆಸರು ಹಿಡಿದು ಕರೆಯುವುದು. ಆದರೆ ಮಕ್ಕಳನ್ನು ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವ ಒಂದು ಲೆಕ್ಕವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡೆ. ಅದರಲ್ಲಿ ಡೆಫ್ ಇಲ್ಲ, ಹೆಸರಿಲ್ಲ. ಸಾಲಾಗಿ ನಿಲ್ಲಿಸು ಎನ್ನುವುದಕ್ಕೆ ಸಾರ್ಟೆಡ್ ಎಂದು ಹೇಳಿ, ಅದರ ಹೊಟ್ಟೆಯೊಳಗೇ ಲ್ಯಾಂಬ್ಡಾ, ಎಕ್ಸ್, ಎರಡು ಚುಕ್ಕೆ, ಮತ್ತೆ ಎಕ್ಸ್, ಚೌಕ ಆವರಣದಲ್ಲಿ ಒಂದು. ಓಡಿಸಿದರೆ ಸರಿಯಾಗಿ ಓಡುತ್ತದೆ. ಯಾಕೆ ಓಡುತ್ತದೆ ಎಂದು ನನಗೆ ತಿಳಿಯದು.

ಈ ಎಕ್ಸ್ ಎಂದರೆ ಯಾರು? ಬೀಜಗಣಿತದ ಎಕ್ಸ್ ಅಲ್ಲವೆಂದು ಕಾಣುತ್ತದೆ. ವಿವರವಾಗಿ, ಒಂಬತ್ತನೇ ಕ್ಲಾಸಿನವರಿಗೆ ಹೇಳುವ ಹಾಗೆ ಬರೆದು ಕಳಿಸು. ಆದಷ್ಟು ಬೇಗ ಬೇಕು. ನಿನ್ನ ಅವ್ವನಿಗೂ ನಾನು ಕೇಳಿದೆನೆಂದು ಹೇಳಬೇಡ.

ಇಂತಿ,
ಮಹೇಶ್ವರಪ್ಪ


ಸೊರಬ
೨೭ ಜುಲೈ ೨೦೨೪

ಅಪ್ಪಾಜಿ,

ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಪೋಸ್ಟ್‌ಮ್ಯಾನ್ ನಿಮ್ಮ ಇನ್‌ಲ್ಯಾಂಡ್ ಲೆಟರ್ ಕೊಟ್ಟು, ಈ ಕಾಲದಲ್ಲಿ ಯಾರು ಮೇಡಂ ಇದನ್ನ ಬರೆಯೋರು ಎಂದು ಕೇಳಿ ಹೋದರು. ಗುಟ್ಟು ಚೆನ್ನಾಗಿಯೇ ಕಾಪಾಡಿದ್ದೀರಿ.

ಲ್ಯಾಂಬ್ಡಾ ಎಂದರೆ ಹೆಸರಿಡದ ಫಂಕ್ಷನ್. ಬೇರೇನೂ ಅಲ್ಲ. ಅವ್ವ ಅಡುಗೆಮನೆಯಿಂದ "ರೀ" ಅಂದರೆ ನೀವು ಎದ್ದು ಹೋಗುತ್ತೀರಿ. ನಾಲ್ಕು ಗೋಡೆಯ ಒಳಗೆ, ಆ ಹೊತ್ತಿನ ಕೆಲಸಕ್ಕೆ ಅಷ್ಟು ಸಾಕು, ಹೆಸರು ಬೇಡ. ಆದರೆ ಅದೇ ಅವ್ವ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು "ರೀ" ಅಂದರೆ ಎಷ್ಟು ಗಂಡಸರು ತಿರುಗಿ ನೋಡುತ್ತಾರೆ ಯೋಚಿಸಿ. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ನಿಮ್ಮ ಹೆಸರು ಕೇಳಿದ್ದಕ್ಕೆ ನನ್ನನ್ನು ಮುಂದೆ ತಳ್ಳಿ, ನೀ ಹೇಳೇ ಅಂದಿದ್ದಳು. ದೂರದಿಂದ ಕರೆಯಬೇಕಾದಾಗ, ಮತ್ತೆ ಮತ್ತೆ ಕರೆಯಬೇಕಾದಾಗ, ಇನ್ನೊಬ್ಬರು ಓದಿ ತಿಳಿಯಬೇಕಾದಾಗ ಹೆಸರು ಬೇಕೇ ಬೇಕು.

ಎಕ್ಸ್ ಎಂದರೆ ಸಾಲಿನಿಂದ ಒಬ್ಬೊಬ್ಬರಾಗಿ ಮುಂದೆ ಬರುವ ಮಗು. ಪ್ರತಿ ಮಗುವಿನ ಬಳಿ ಎರಡು ಸಂಗತಿ ಇವೆ, ಹೆಸರು ಮತ್ತು ಎತ್ತರ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುವುದರಿಂದ ಸೊನ್ನೆ ಎಂದರೆ ಹೆಸರು, ಒಂದು ಎಂದರೆ ಎತ್ತರ. ಈ ಮಗುವಿನ ಎತ್ತರ ಎಷ್ಟು ಎಂದು ಸಾರ್ಟೆಡ್ ಪ್ರತಿ ಸಲ ಕೇಳುತ್ತದೆ, ಲ್ಯಾಂಬ್ಡಾ ಹೇಳುತ್ತದೆ. ಅಷ್ಟೇ ಅದರ ಕೆಲಸ.

ಆದರೆ ಹೊಸಬರಿಗೆ ದಯವಿಟ್ಟು ಇದರಿಂದ ಶುರು ಮಾಡಬೇಡಿ. ಡೆಫ್ ಎಂದು ಬರೆದು "ಎತ್ತರ" ಎಂದೇ ಹೆಸರಿಡಿ. ಎಕ್ಸ್ ಬದಲು "ವಿದ್ಯಾರ್ಥಿ" ಎಂದು ಬರೆಯಿರಿ. ವಿದ್ಯಾರ್ಥಿಯ ಎತ್ತರವನ್ನು ವಾಪಸ್ ಕೊಡು ಎಂದು ಎರಡನೇ ಸಾಲು. ಆಮೇಲೆ ಸಾರ್ಟೆಡ್‌ಗೆ, ಕೀ, ಅಂದರೆ ಸಾಲು ಹಚ್ಚಲು ನೋಡಬೇಕಾದ ಅಳತೆ, ಎತ್ತರ ಎಂದು ಹೇಳಿ. ಒಂದು ಸಾಲಿನಲ್ಲಿ ಮುಗಿಯುವುದು ಮೂರು ಸಾಲಾಗುತ್ತದೆ, ಆಗಲಿ. ಮಕ್ಕಳು ಓದಿದರೆ ಮಾತಿನ ಹಾಗೇ ಕೇಳುತ್ತದೆ. ಇನ್ನು ಕೆಲವರು ಲ್ಯಾಂಬ್ಡಾ ಬರೆದು ಅದಕ್ಕೇ ಮತ್ತೆ ಒಂದು ಹೆಸರು ಇಡುತ್ತಾರೆ. ಅಷ್ಟು ಮಾಡುವುದಾದರೆ ನೆಟ್ಟಗೆ ಡೆಫ್ ಬರೆದರೇನು ಗಂಟು ಹೋಗುತ್ತದೋ.

ಒಂದು ಮಾತು ಕೇಳಲೇ? ಎಕ್ಸ್ ಎಂದರೆ ಏನು ಎಂದು ನೀವು ಕೇಳಲಿಲ್ಲ, ಯಾರು ಎಂದು ಕೇಳಿದ್ದೀರಿ. ಲೆಕ್ಕದ ಮೇಷ್ಟ್ರು ಹಾಗೆ ಕೇಳುವುದಿಲ್ಲ. ಕ್ಲಾಸಿನಲ್ಲಿ ಯಾರಾದರೂ ಕೇಳಿದರೇ?

ನಿಮ್ಮ
ಜ್ಯೋತಿಲಕ್ಷ್ಮಿ


ಶಿಕಾರಿಪುರ
೪ ಆಗಸ್ಟ್ ೨೦೨೪

ಜ್ಯೋತಿಗೆ,

ನಿನ್ನ ಕಾಗದ ನಿನ್ನ ಅವ್ವನ ಕೈಗೇ ಸಿಕ್ಕಿತು. ಓದಿ, ರೀ ಅನ್ನೋ ಭಾಗ ಬಂದಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಈಗ ನನ್ನನ್ನು ಊಟಕ್ಕೆ ಕರೆಯುವಾಗ "ಲ್ಯಾಂಬ್ಡಾ ಅವ್ರೇ" ಅನ್ನುತ್ತಾಳೆ. ಈ ಮನೆಯಲ್ಲಿ ನನಗೆ ಇದ್ದ ಮರ್ಯಾದೆ ಅಷ್ಟೇ.

ನೀನು ಹೇಳಿದಂತೆಯೇ ಮಾಡಿದೆ. ಮೊದಲು ಎತ್ತರ ಎಂಬ ಹೆಸರಿನ ಮುಂದೆ ಆವರಣ ಹಾಕಿಬಿಟ್ಟಿದ್ದೆ, ಪರದೆ ತುಂಬ ಕೆಂಪಕ್ಷರ ಬಂತು. ಆಮೇಲೆ ತಿಳಿಯಿತು, ಇಲ್ಲಿ ಫಂಕ್ಷನ್ನನ್ನು ಕರೆಯುವುದಲ್ಲ, ಸಾರ್ಟೆಡ್ ಕೈಗೆ ಒಪ್ಪಿಸುವುದು, ಕರೆಯುವ ಕೆಲಸ ಅದರದ್ದು. ಬುಧವಾರ ಹಾಗೇ ಪಾಠ ಮಾಡಿದೆ. ಇಡೀ ಕ್ಲಾಸಿಗೆ ಒಂದೇ ಸಲಕ್ಕೆ ಹತ್ತಿತು. ಸಂತೋಷಪಡಬೇಕಾಗಿತ್ತು. ಬೋರ್ಡಿನ ಕಡೆ ತಿರುಗಿ ನಿಂತಾಗ ಕಿವಿ ಬಿಸಿಯಾಗಿತ್ತು. ಇಷ್ಟು ಸಣ್ಣ ವಿಷಯವಾಗಿತ್ತಲ್ಲ ಎಂದು.

ನೀನು ಕೇಳಿದ್ದಕ್ಕೆ ಉತ್ತರ, ಹೌದು. ನಾನು ನಿನಗೆ ಮೊದಲ ಕಾಗದ ಬರೆಯುವ ಮೊದಲೇ ಆ ಪಾಠ ಮಾಡಿ ಆಗಿತ್ತು. ತಿಳಿಯದೇ ಮಾಡಿದ್ದೆ. ಆ ಸಾಲನ್ನು ಬೋರ್ಡಿನ ಮೇಲೆ ಬರೆದು, ಇದು ಸುಲಭ, ಬರ್ಕೊಳ್ರಿ ಎಂದೆ. ಉಡುಗಣಿ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತಳು. "ಸಾರ್, ಇದಕ್ಕೆ ಹೆಸರೇ ಇಲ್ವಲ್ರೀ. ಎಕ್ಸ್ ಅಂದ್ರೆ ಯಾರು, ಸಾರ್?" ಎಂದಳು. ಬರ್ಕೋ ಎಂದೆ. ಬರೆದೀನಿ ಸಾರ್, ಆದ್ರೆ ಯಾರಂತ ತಿಳೀಲಿಲ್ಲ ಎಂದಳು. ಅದರಲ್ಲಿ ಅಧಿಕಪ್ರಸಂಗ ಏನೂ ಇರಲಿಲ್ಲ ಜ್ಯೋತಿ, ಈಗ ನೆನೆಸಿಕೊಂಡರೆ ಇರಲಿಲ್ಲ. ನನಗೆ ಮೈ ಉರಿಯಿತು. "ನಿಮ್ಮನಿ ಎಮ್ಮಿಗೂ ಅರ್ಥ ಆಗ್ತದ ಇದು. ನಿನಗ ಆಗಲ್ಲ ಅಂದ್ರ ಹೊರಗ ನಿಂತ್ಕೋ" ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಗಲಿ ಎಂದೇ ನಾನು ಹೇಳಿದ್ದು. ಅವರು ನಗುತ್ತಿದ್ದಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುವಂತಿರಲಿಲ್ಲ.

ಬೆಲ್ ಆಗುವವರೆಗೂ ಅವಳು ಬಾಗಿಲ ಹೊರಗೆ ನಿಂತಿದ್ದಳು. ಮಾರನೆಯ ದಿನದಿಂದ ಶಾಲೆಗೆ ಬಂದಿಲ್ಲ. ಜ್ವರ ಇರಬಹುದು, ನಾಟಿ ಕೆಲಸ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅದನ್ನು ನಾನೇ ನಂಬುವುದಿಲ್ಲ.

ಏನು ಮಾಡಲಿ ಹೇಳು. ಮಗಳ ಹತ್ತಿರ ಹೀಗೆ ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಮಹೇಶ್ವರಪ್ಪ


ಸೊರಬ
೧೨ ಆಗಸ್ಟ್ ೨೦೨೪

ಅಪ್ಪಾಜಿ,

ಏನು ಮಾಡಬೇಕೆಂದು ನಿಮಗೆ ಗೊತ್ತು. ಉಡುಗಣಿಗೆ ಬಸ್ಸಿದೆ. ಹತ್ತಿ ಹೋಗಿ, ಅವರ ಮನೆಯಲ್ಲಿ ಕೂತು, ನನ್ನದು ತಪ್ಪಾಯಿತು ಎಂದು ಹೇಳಿ ಬನ್ನಿ.

ಎರಡು ಸಲ ಓದಿದೆ ನಿಮ್ಮ ಕಾಗದ. ಆ ಹುಡುಗಿಯ ಹೆಸರು ಎಲ್ಲೂ ಇಲ್ಲ. ನಾನೂ ನಿಮ್ಮ ಕ್ಲಾಸಿನಲ್ಲಿ ಕೂತವಳು. ಯಾರನ್ನೂ ನೀವು ಹೆಸರಿನಿಂದ ಕರೆದದ್ದಿಲ್ಲ. ಕಿಟಕಿ ಪಕ್ಕದವನೇ, ಶಿರಾಳಕೊಪ್ಪದ ಬಸ್ಸೇ, ಎರಡು ಜಡೆಯವಳೇ. ನನ್ನನ್ನು "ಏ ಮೇಷ್ಟ್ರ ಮಗಳೇ" ಅನ್ನುತ್ತಿದ್ದಿರಿ, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಪ್ರಮೇಯ ಅರ್ಥವಾಗದಿದ್ದರೆ ಮನೆಗೆ ಬಂದ ಮೇಲೂ ನಿಮ್ಮನ್ನು ಕೇಳಲಿಲ್ಲ. ಪಕ್ಕದ ಮನೆಯ ಅಕ್ಕನನ್ನು ಕೇಳಿ ಕಲಿತೆ. ಲೆಕ್ಕದ ಮೇಷ್ಟ್ರ ಮಗಳು ಲೆಕ್ಕ ಬಿಟ್ಟು ಕಂಪ್ಯೂಟರ್ ಯಾಕೆ ತಗೊಂಡಳು ಎಂದು ನೀವು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಬಿಡಿ.

ಸಿಟ್ಟಿನಲ್ಲಿ ಬರೆದಿಲ್ಲ. ಬೇಗ ಹೋಗಿ ಬನ್ನಿ.

ಜ್ಯೋತಿ


ಶಿಕಾರಿಪುರ
೮ ಸೆಪ್ಟೆಂಬರ್ ೨೦೨೪

ಜ್ಯೋತಿಗೆ,

ಬರೆಯಲು ತಡವಾಯಿತು. ನಿನ್ನ ಕಾಗದ ಓದಿ ಮಡಿಚಿಟ್ಟು, ತಿಂಗಳಿಡೀ ಹೋಗದಿರಲು ನೆಪ ಹುಡುಕಿದೆ. ಮಳೆ, ಮಂಡಿನೋವು, ಶ್ರಾವಣ ಸೋಮವಾರ. ಗಣಪತಿ ಹಬ್ಬದ ಹಿಂದಿನ ದಿನ ನಿನ್ನ ಅವ್ವ ಪಂಚೆ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಳು. ಎಲ್ಲಿಗೆ ಎಂದು ಕೇಳಲೂ ಇಲ್ಲ, ಹೇಳಲೂ ಇಲ್ಲ. ಎದ್ದು ಹೊರಟೆ.

ಉಡುಗಣಿಯಲ್ಲಿ ಇಳಿದೆ. ಚಹಾದಂಗಡಿಯಲ್ಲಿ ಕೂತಿದ್ದ ಒಬ್ಬ ದಡಕ್ಕನೆ ಎದ್ದು ನಮಸ್ಕಾರ ಮಾಡಿದ. ಕೆಂಪಪ್ಪ ಎಂದು, ನನ್ನ ಹಳೇ ವಿದ್ಯಾರ್ಥಿಯಂತೆ. ಕೈಯಲ್ಲಿದ್ದ ಬೀಡಿ ಹಿಂದೆ ಮರೆಮಾಡಿಕೊಂಡ, ಅವನಿಗೇ ಐವತ್ತರ ಹತ್ತಿರ ವಯಸ್ಸು. ಯಾರ ಮನೆಗೆ ಬಂದ್ರಿ ಸಾರ್ ಎಂದ. ನಮ್ಮ ಶಾಲೆಗೆ ಬರುವ ಹುಡುಗಿಯ ಮನೆಗೆ ಎಂದೆ. "ನಿಮ್ಮ ಸಾಲಿಗೆ ಬರೋರು ಭಾಳ ಜನ ಅದಾರಲ್ರೀ ಸಾರ್. ಹೆಸರೇನ್ರೀ ಹುಡುಗಿದು?" ಎಂದ.

ನನ್ನ ಬಳಿ ಹೆಸರಿರಲಿಲ್ಲ. ನೀನು ಬರೆದಿದ್ದೆ, ಓದಿದ್ದೆ, ಆದರೂ ಹಾಜರಿ ಪುಸ್ತಕ ತೆಗೆದು ನೋಡಿರಲಿಲ್ಲ. ನಾನು ನಂಬರು ಕೂಗುತ್ತೇನೆ, ಮಕ್ಕಳು ಎಸ್ಸಾರ್ ಅನ್ನುತ್ತಾರೆ. ಊರಿಗೆ ಹೋದರೆ ನೋಡಿದ ಕೂಡಲೇ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ಅವಳು ಹೇಗಿದ್ದಾಳೆ ಎಂದು ಕೆಂಪಪ್ಪನಿಗೆ ವರ್ಣಿಸಲು ಹೊರಟೆ. ಯೂನಿಫಾರ್ಮು, ಎರಡು ಜಡೆ, ನೀಲಿ ಬ್ಯಾಗು. ಎಲ್ಲ ಹುಡುಗಿಯರದ್ದೂ ಅದೇ ಆಯಿತಲ್ಲ. ಚಹಾದಂಗಡಿಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ನಾನೇ ಹೇಳಬೇಕಾಯಿತು, ಈಗ ಶಾಲೆ ಬಿಟ್ಟಿದ್ದಾಳಲ್ಲ, ಮೇಷ್ಟ್ರು ಬೈದರು ಅಂತ, ಅವಳು ಎಂದು. ಕೆಂಪಪ್ಪ ಬೀಡಿ ನೆಲಕ್ಕೆ ಹಾಕಿ, ಬರ್ರಿ ಸಾರ್ ಎಂದು ಮುಂದೆ ನಡೆದ. ಊರಿಗೆಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು. ಬೈದ ಮೇಷ್ಟ್ರು ಯಾರೆಂದೂ ಗೊತ್ತಿತ್ತು. ಮರ್ಯಾದೆಗೆ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಮನೆ ತೋರಿಸಿದ. ಅವಳ ತಾಯಿ ನೀರು ಕೊಟ್ಟರು, ಕೂತ್ಕೊಳ್ರಿ ಎಂದರು. ಒಂದು ಕೆಟ್ಟ ಮಾತೂ ಆಡಲಿಲ್ಲ. ಹುಡುಗಿ ಇರಲಿಲ್ಲ. ಈ ಶಾಲೆಗೆ ಹೋಗೋದಿಲ್ಲ ಎಂದು ಊಟ ಬಿಟ್ಟು ಕೂತಳಂತೆ. ಟಿ.ಸಿ. ತೆಗೆಸಿ, ಸೊರಬದ ಕಡೆ ಹೊಸಬಾಳೆಯಲ್ಲಿರುವ ಅಜ್ಜಿ ತುಂಗಮ್ಮನ ಮನೆಗೆ ಕಳಿಸಿದ್ದಾರೆ. "ಮನಿಗೆ ದೊಡ್ಡ ಮಗಳ್ರೀ ಸಾರ್. ಇಲ್ಲೇ ಇದ್ರ ನನಗ ಜೊತಿ ಇತ್ತು" ಎಂದರು. ನಾನು ಲೋಟ ಹಿಡಿದುಕೊಂಡು ಕೂತಿದ್ದೆ. ತಪ್ಪಾಯಿತು ಎನ್ನುವ ಮಾತು ನಾಲಿಗೆಯವರೆಗೂ ಬಂದು, ಆಚೆ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ದಾರಿಯಲ್ಲಿ ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆಗೆಸಿದೆ. ಸ್ಪಂದನ ಎಂದು ಅವಳ ಹೆಸರು.

ಅಪ್ಪಾಜಿ


ಸೊರಬ
೨೧ ಸೆಪ್ಟೆಂಬರ್ ೨೦೨೪

ಅಪ್ಪಾಜಿ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ.

ಸ್ಪಂದನ ನನ್ನ ಕ್ಲಾಸಿನಲ್ಲೇ ಇದ್ದಾಳೆ. ಹೊಸಬಾಳೆಯಿಂದ ಬಸ್ಸಿನಲ್ಲಿ ಬರುತ್ತಾಳೆ. ಆಗಸ್ಟ್ ಮಧ್ಯದಲ್ಲಿ ಸೇರಿದಳು. ಟಿ.ಸಿ.ಯಲ್ಲಿ ಮಹಾಂತೇಶ ಅವರ ಶಾಲೆಯ ಸೀಲು ನೋಡಿದ ಕೂಡಲೇ ನನಗೆ ಅನುಮಾನ ಬಂತು. ಒಂದು ವಾರ ಸುಮ್ಮನಿದ್ದು, ಹಿಂದಿನ ಶಾಲೆಯಲ್ಲಿ ಕೋಡಿಂಗ್ ಇತ್ತಾ ಎಂದು ಕೇಳಿದೆ. ಇತ್ತು ಮಿಸ್ ಎಂದಳು. ಯಾರು ಕಲಿಸುತ್ತಿದ್ದರು ಎಂದೆ. ಲೆಕ್ಕದ ಸಾರ್ ಎಂದಳು. ಅಷ್ಟಕ್ಕೇ ಅವಳ ಕಣ್ಣು ತುಂಬಿಕೊಂಡವು. ಇಷ್ಟು ದಿನ ನಿಮಗೆ ತಿಳಿಸಲಿಲ್ಲ. ನೀವು ಉಡುಗಣಿಗೆ ಹೋಗುತ್ತೀರೋ ಇಲ್ಲವೋ ನೋಡಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹೋಗುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಬುದ್ಧಿವಂತ ಹುಡುಗಿ. ಬರವಣಿಗೆ ಮುತ್ತಿನ ಹಾಗಿದೆ. ಆದರೆ ಏನೂ ಕೇಳುವುದಿಲ್ಲ. ಯಾರಿಗಾದರೂ ಡೌಟಾ ಎಂದರೆ ತಲೆ ಬಗ್ಗಿಸುತ್ತಾಳೆ. ಮೊನ್ನೆ ಅವಳ ಪ್ರೋಗ್ರಾಂ ಓಡಲಿಲ್ಲ. ಎರಡು ಚುಕ್ಕೆ ಬಿಟ್ಟುಹೋಗಿತ್ತು, ಕೇಳಿದ್ದರೆ ಒಂದು ಕ್ಷಣದ ಕೆಲಸ. ಇಡೀ ಪೀರಿಯಡ್ ಪರದೆ ನೋಡುತ್ತಾ ಕೂತಿದ್ದಳು. ನಾನು ಹತ್ತಿರ ಹೋದರೆ ಕೈಯಿಂದ ಮುಚ್ಚಿಕೊಂಡಳು. ಆ ಕೈ ನನಗೆ ಗೊತ್ತು ಅಪ್ಪಾಜಿ. ನಾನೂ ಹಾಗೇ ಮುಚ್ಚಿಕೊಳ್ಳುತ್ತಿದ್ದೆ.

ಇನ್ನೊಂದು ಹೇಳಬೇಕು. ಆ ಸಾರ್ ನನ್ನ ಅಪ್ಪ ಎಂದು ಅವಳಿಗೆ ನಾನು ಹೇಳಿಲ್ಲ. ಹೇಳಲು ನಾಚಿಕೆಯಾಯಿತು. ಎಲ್ಲಿ ಹೋದರೂ ಮಹೇಶ್ವರಪ್ಪ ಮೇಷ್ಟ್ರ ಮಗಳು ಎಂದು ಹೇಳಿಕೊಂಡು ಓಡಾಡಿದವಳು ನಾನು. ಮೊದಲ ಸಲ ಹಾಗಾಯಿತು.

ಜ್ಯೋತಿ


ಶಿಕಾರಿಪುರ
೨೬ ಸೆಪ್ಟೆಂಬರ್ ೨೦೨೪

ಜ್ಯೋತಿ,

ನಿನ್ನ ಕಾಗದದ ಕೊನೆಯ ಭಾಗವನ್ನು ನಿನ್ನ ಅವ್ವನಿಗೆ ಓದಿ ಹೇಳಲು ಆಗಲಿಲ್ಲ. ಕೈಗೇ ಕೊಟ್ಟೆ. ಓದಿ, ಕನ್ನಡಕ ತೆಗೆದು, ಅವಳು ಸರಿಯಾಗೇ ಬರ್ದಾಳೆ ಎಂದಳು.

ಸೋಮವಾರ ಬರುತ್ತೇನೆ. ನಿನ್ನ ಕ್ಲಾಸಿನ ಹೊತ್ತಿಗೆ ಬರುತ್ತೇನೆ. ಊಟಕ್ಕೆ ನಿಮ್ಮ ಮನೆಗೇ ಬರುತ್ತೇನೆ, ಯಾಕೆ ಬಂದೆನೆಂದು ಬೀಗರಿಗೆ ನಾನೇ ಹೇಳುತ್ತೇನೆ.

ಅಪ್ಪಾಜಿ


ಸೊರಬ
೫ ಅಕ್ಟೋಬರ್ ೨೦೨೪

ಅಪ್ಪಾಜಿ,

ನೀವು ಹೋದ ಮೇಲೆ ಅತ್ತೆ ಮೂರು ದಿನ ಅದೇ ಮಾತು. ಬೀಗರು ಬಂದು, ರೊಟ್ಟಿ ಮುರಿಯೋಕೆ ಮುಂಚೆ, ಗೊತ್ತಿಲ್ದಿದ್ದನ್ನ ಗೊತ್ತು ಅಂತ ಒಪ್ಕೊಂಡು ಒಂದು ಹುಡುಗಿ ಮನಸ್ಸು ಮುರಿದೆ ಅಂದ್ರಲ್ಲ, ಯಾವ ಗಂಡಸು ಹೇಳ್ತಾನೆ ಹಂಗೆ ಎನ್ನುತ್ತಿದ್ದಾರೆ. ಫೋನು ಮಾತ್ರ ಇನ್ನೂ ಟೀಪಾಯಿ ಮೇಲೇ ಇದೆ.

ನೀವು ವರಾಂಡದಲ್ಲಿ ಸ್ಪಂದನಳನ್ನು ಹೆಸರು ಹಿಡಿದು ಕರೆದಾಗ ಅವಳು ಗೋಡೆಗೆ ಅಂಟಿಕೊಂಡಳು. ನಾನು ದೂರ ನಿಂತಿದ್ದೆ, ಆದರೂ ಮಾತು ಕೇಳಿಸಿತು. ತಪ್ಪು ನನ್ನದು, ನಿನ್ನದಲ್ಲ ಎಂದು ನೀವು ಹೇಳಿದಿರಿ. ಅವಳು ಪರವಾಗಿಲ್ಲ ಸಾರ್ ಎಂದಳು. ಆ ದಿನವೇ ಸಂಜೆ, ನೀವು ನನ್ನ ತಂದೆ ಎಂದು ಅವಳಿಗೆ ಹೇಳಿದೆ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯ್ತು ಮಿಸ್ ಎಂದು ಹೊರಟಳು.

ಎಲ್ಲ ಸರಿಹೋಯಿತು ಎಂದು ಬಸ್ ಹತ್ತುವಾಗ ನೀವು ಅಂದಿರಿ. ನಾನೂ ಹೂಂ ಎಂದೆ. ಆದರೆ ಕ್ಲಾಸಿನಲ್ಲಿ ಅವಳು ಇನ್ನೂ ಏನೂ ಕೇಳುತ್ತಿಲ್ಲ.

ಜ್ಯೋತಿ


ಹೊಸಬಾಳೆ
೧೦ ನವೆಂಬರ್ ೨೦೨೪

ಮಹೇಶ್ವರಪ್ಪ ಸಾರ್ ಅವರಿಗೆ,

ಸ್ಪಂದನ ಮಾಡುವ ನಮಸ್ಕಾರಗಳು. ನಿಮ್ಮ ಅಡ್ರೆಸ್ ಜ್ಯೋತಿ ಮಿಸ್ ಕೊಟ್ಟರು. ಏನು ಬರೆದಿದ್ದೀನಿ ಎಂದು ಅವರು ಓದಲಿಲ್ಲ. ತಪ್ಪಿದ್ದರೆ ಬೈಯಬೇಡಿ ಸಾರ್.

ದೀಪಾವಳಿಗೆ ನಾನು ಉಡುಗಣಿಗೆ ಹೋಗಿದ್ದೆ. ಅಮ್ಮನ ಜೊತೆ ಶಿಕಾರಿಪುರದ ಸಂತೆಗೆ ಹೊರಟಾಗ ಬಸ್ಸಿನಲ್ಲಿ ನಮ್ಮ ಹಳೇ ಕ್ಲಾಸಿನವರು ಸಿಕ್ಕಿದರು. ನನ್ನನ್ನು ನೋಡಿ, ಎಮ್ಮೆ ಬಂತು, ಎಮ್ಮೆಗೆ ಸೀಟು ಬಿಡ್ರೋ ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಮ್ಮನಿಗೆ ಯಾಕೆ ಅಂತ ಅರ್ಥ ಆಗಿ, ಅಳು ಬಂದು, ಸಂತೆ ಮಾಡದೇ ವಾಪಸ್ ಬಂದೆವು.

ನೀವು ಸೊರಬಕ್ಕೆ ಬಂದು ತಪ್ಪಾಯಿತು ಅಂದಿರಿ. ದೊಡ್ಡವರು ನನ್ನ ಹತ್ತಿರ ಹಾಗೆ ಹೇಳಿದ್ದು ಅದೇ ಮೊದಲು. ಪರವಾಗಿಲ್ಲ ಅಂದೆ. ಆದರೆ ಸಾರ್, ಇಲ್ಲಿ ನನ್ನನ್ನು ಯಾರೂ ಎಮ್ಮೆ ಅನ್ನುವುದಿಲ್ಲ. ಇಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ನೀವು ಬೈದಿದ್ದು ಅಲ್ಲಿ, ಎಲ್ಲರ ಮುಂದೆ. ಕ್ಷಮೆ ಕೇಳಿದ್ದು ಇಲ್ಲಿ, ವರಾಂಡದಲ್ಲಿ, ಯಾರೂ ಇಲ್ಲದಾಗ. ಅಲ್ಲಿ ಯಾಕೆ ಹೇಳಲಿಲ್ಲ, ಸಾರ್?

ಇದನ್ನು ಕೇಳಬಾರದೋ ಏನೋ ಗೊತ್ತಿಲ್ಲ. ಕೇಳಿದ್ದೀನಿ.

ನಿಮ್ಮ ವಿದ್ಯಾರ್ಥಿನಿ,
ಸ್ಪಂದನ


ಶಿಕಾರಿಪುರ
೨೦ ನವೆಂಬರ್ ೨೦೨೪

ಸ್ಪಂದನ,

ನಿನ್ನ ಪತ್ರ ಬಂತು. ನೀನು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ. ಸೊರಬಕ್ಕೆ ಬಂದು ಹೋದ ಮೇಲೆ ನಾನು ದೊಡ್ಡ ಕೆಲಸ ಮಾಡಿದೆನೆಂದು ಎದೆಯುಬ್ಬಿಸಿಕೊಂಡು ಓಡಾಡಿದ್ದೆ. ಸುಲಭವಾದ ಜಾಗ ನೋಡಿಕೊಂಡು ತಲೆ ಬಗ್ಗಿಸಿ ಬಂದಿದ್ದೆ ಎಂದು ನೀನು ಬರೆಯುವವರೆಗೆ ನನಗೆ ಹೊಳೆಯಲಿಲ್ಲ. ನಾಚಿಕೆಯಾಯಿತು.

ಇವತ್ತು ಬುಧವಾರ, ಕೋಡಿಂಗ್ ಪೀರಿಯಡ್. ಕ್ಲಾಸಿಗೆ ಹೋಗುವ ಮೊದಲು ಮಹಾಂತೇಶನ ಕೋಣೆಗೆ ಹೋಗಿ, ಈ ವಿಷಯ ನನಗೆ ಬರುವುದಿಲ್ಲ, ಬರುತ್ತದೆ ಎಂದು ಸುಳ್ಳು ಹೇಳಿದ್ದೆ ಎಂದೆ. ಅವನು ಟೇಬಲ್ಲಿನ ಮೇಲಿನ ಪೆನ್ನು ಅತ್ತಿತ್ತ ಸರಿಸಿದ. ಜನವರಿಯಿಂದ ಆ ಪೀರಿಯಡ್ಡಿಗೆ ಬೇರೆಯವರು ಬರುತ್ತಾರೆ. ಲೆಕ್ಕದ ವಿಷಯ ಆಮೇಲೆ ನೋಡೋಣ ಎಂದಿದ್ದಾನೆ.

ಆಮೇಲೆ ಕ್ಲಾಸಿಗೆ ಹೋಗಿ ನಿಂತೆ. ನಲವತ್ತು ವರ್ಷದ ಹತ್ತಿರ ಪಾಠ ಮಾಡಿದವನು ನಾನು, ಇವತ್ತು ಪುಸ್ತಕ ತೆರೆಯಲಿಲ್ಲ. ಎಲ್ಲರೂ ಕೇಳುವ ಹಾಗೆ ನಿನ್ನ ಹೆಸರು ಹೇಳಿದೆ. ಸ್ಪಂದನ ಕೇಳಿದ ಪ್ರಶ್ನೆ ಸರಿಯಾಗಿತ್ತು, ಉತ್ತರ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಧೈರ್ಯವಿಲ್ಲದೆ ಅವಳನ್ನು ಬೈದು ಹೊರಗೆ ಕಳಿಸಿದೆ ಎಂದೆ. ಎಮ್ಮೆ ಎಂದು ನಾನು ಆಡಿದ ಮಾತನ್ನು ನೀವು ಯಾರೂ ಇನ್ನು ಆಡಬಾರದು, ಆಡಿದರೆ ಅದು ನನಗೆ ಸೇರಬೇಕು ಎಂದೆ.

ಆಮೇಲೆ ಕಿಟಕಿ ಪಕ್ಕ ಕೂರುವ ಸಣ್ಣಪ್ಪ ಎದ್ದು ನಿಂತ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. "ಸಾರ್, ನನಗೂ ತಿಳಿದಿರಲಿಲ್ರೀ ಅವತ್ತು" ಎಂದ. ಅವನ ಹಿಂದೆ ಧನ್ಯಾ ಎದ್ದಳು. ಆಮೇಲೆ ಬೆಂಚಿಗೆ ಬೆಂಚೇ ಎದ್ದಿತು. ಯಾರ ಮುಖದಲ್ಲೂ ನಗು ಇರಲಿಲ್ಲ. ನಾನು ಒಬ್ಬೊಬ್ಬರ ಹೆಸರೂ ಕೇಳಿದೆ, ಅವರು ಹೇಳಿದರು.

ನೀನು ವಾಪಸ್ ಬಾ ಎಂದು ಕೇಳುವ ಹಕ್ಕು ನನಗಿಲ್ಲ. ಅಜ್ಜಿಯ ಮನೆಯಲ್ಲಿ ಇರಬೇಕೆನಿಸಿದರೆ ಇರು, ಜ್ಯೋತಿ ಮಿಸ್ ನನಗಿಂತ ಒಳ್ಳೆಯ ಟೀಚರು. ಉಡುಗಣಿಗೆ ಹೋಗಿ ನಿನ್ನ ಅಮ್ಮನಿಗೂ ನಾನು ಹೇಳಬೇಕಾದ ಮಾತು ಒಂದಿದೆ, ಈ ಭಾನುವಾರ ಹೋಗುತ್ತೇನೆ. ನಿನಗೆ ತಿಳಿಸಬೇಕಾದ್ದು ಇಷ್ಟೇ. ಅವತ್ತು ನಿನ್ನನ್ನು ನೋಡಿ ನಕ್ಕ ಯಾರಿಗೂ ಅದು ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ. ಆ ಕೋಣೆಯಲ್ಲಿ ತಿಳಿಯಲಿಲ್ಲ ಎಂದು ನಿಜ ಹೇಳಿದವಳು ನೀನೊಬ್ಬಳೇ, ನಾನು ಹೊರಗೆ ಕಳಿಸಿದ್ದೂ ನಿನ್ನನ್ನೇ.

ಮಹೇಶ್ವರಪ್ಪ